ಬಿಳಿ ಅಂಚಿನ ನಂದಿಬಟ್ಟಲು: ಮಲೆನಾಡಿನ ಮಳೆಯಲ್ಲಿ ಬಣ್ಣ ಉಳಿಸಿಕೊಳ್ಳುವುದು ಹೇಗೆ

ಹಸಿರು ನಂದಿಬಟ್ಟಲನ್ನು ಬೇಲಿ ಪಕ್ಕ ಊರಿ ಮರೆತರೂ ದೇವರ ಪೂಜೆಗೆ ಹೂವಿಗೆ ಕೊರತೆ ಮಾಡುವುದಿಲ್ಲ. ಅದೇ ಜಾತಿಯ ಬಿಳಿ ಅಂಚಿನ ತಳಿ ಅಷ್ಟು ಸಲೀಸಲ್ಲ. ನರ್ಸರಿಯಲ್ಲಿ ಕಣ್ಣು ಸೆಳೆದ ಗಿಡ ಮೂಡಿಗೆರೆ, ಸಕಲೇಶಪುರದ ಒಂದು ಮಳೆಗಾಲ ಕಾಣುವಷ್ಟರಲ್ಲಿ ಬೇರು ಕೊಳೆತು ಹೋಗುತ್ತದೆ. ಬದುಕಿದರೆ ಎರಡು ಮೂರು ವರ್ಷದಲ್ಲಿ ಪೂರ್ತಿ ಹಸಿರಾಗಿ ನಿಲ್ಲುತ್ತದೆ. ಎರಡನ್ನೂ ತಡೆಯಬಹುದು, ಎಲೆಯ ಬಿಳಿ ಭಾಗ ಏನೆಂದು ಗೊತ್ತಿದ್ದರೆ.

ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ತೊಟ್ಟಿನಿಂದ ಹಾಲು ಜಿನುಗುತ್ತದೆ, ಅದನ್ನು ಒರೆಸಿ. ನಡುವೆ ಕಡುಹಸಿರು, ಅದರ ಪಕ್ಕದಲ್ಲಿ ಬೂದಿ ಬೆರೆಸಿದಂಥ ತಿಳಿಹಸಿರು, ಅಂಚಿನಲ್ಲಿ ಕೆನೆಬಣ್ಣ. ಈ ಗಿಡದ ಬೆಳೆಯುವ ತುದಿಯಲ್ಲಿ ಎರಡು ಬಗೆಯ ಜೀವಕೋಶಗಳು ಪದರ ಪದರವಾಗಿ ಕೂಡಿಕೊಂಡಿವೆ: ಪತ್ರಹರಿತ್ತು ಇಲ್ಲದ್ದು ಹೊರಗೆ, ಇರುವುದು ಒಳಗೆ. ಬಿಳಿ ಪದರ ಹಸಿರಿನ ಮೇಲೆ ಹಾಸಿಕೊಂಡ ಕಡೆ ಬೂದುಹಸಿರು ಕಾಣುತ್ತದೆ. ಬಿಳಿ ಅಂಚಿನಲ್ಲಿ ಅಡುಗೆಯೇ ಆಗುವುದಿಲ್ಲ. ಹಸಿರು ಭಾಗ ದುಡಿದು ಇಡೀ ಎಲೆಯನ್ನು ಸಾಕಬೇಕು. ಹಾಗಾಗಿ ಇದು ನಿಧಾನವಾಗಿ ಬೆಳೆಯುತ್ತದೆ, ಹೂವು ಕಡಿಮೆ, ಎತ್ತರ ಸಾಮಾನ್ಯವಾಗಿ ಮೂರು ನಾಲ್ಕು ಅಡಿ. ನೀರು, ಗೊಬ್ಬರ, ಕತ್ತರಿ ಎಲ್ಲದರಲ್ಲೂ ಹಸಿರು ಗಿಡಕ್ಕೆ ಕೊಡುವುದರ ಅರ್ಧ ಸಾಕು ಎಂದು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಗಿಡ ಕೊಳ್ಳುವಾಗ ಬೇರಿನ ಉಂಡೆ ನೋಡಬೇಕು. ದೂರದಿಂದ ಲಾರಿಯಲ್ಲಿ ಬರುವ ಎಷ್ಟೋ ಗಿಡಗಳ ಬೇರಿಗೆ ಜಿಗುಟು ಮಣ್ಣು ಮೆತ್ತಿರುತ್ತದೆ. ಆ ಉಂಡೆಯನ್ನು ಹಾಗೇ ನಮ್ಮ ಕೆಮ್ಮಣ್ಣಿನಲ್ಲಿ ಇಟ್ಟರೆ ಸುತ್ತಲಿನ ಮಣ್ಣು ಬಸಿದರೂ ಉಂಡೆ ಮಾತ್ರ ಒದ್ದೆಯಾಗಿಯೇ ಇರುತ್ತದೆ. ಮಳೆಗಾಲದ ಸಾವಿಗೆ ಬಹುತೇಕ ಇದೇ ಕಾರಣ. ನೆಡುವ ಮೊದಲು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಿನಿಂದ ಹೊರಗಿನ ಮಣ್ಣನ್ನು ಮೆಲ್ಲಗೆ ಬಿಡಿಸಿ. ಮೂರರಲ್ಲಿ ಒಂದು ಪಾಲು ಹೋದರೂ ಸಾಕು, ಪೂರ್ತಿ ತೊಳೆದು ಬೇರು ಬತ್ತಲೆ ಮಾಡಬೇಡಿ. ಇದಾದ ಮೇಲೆ ಹತ್ತು ದಿನ ನೆರಳಿನಲ್ಲಿ ಇಡಿ.

ನೆಡಲು ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲಿನ ಏಪ್ರಿಲ್, ಮೇ ಒಳ್ಳೆಯ ಕಾಲ. ಜಡಿಮಳೆ ಹಿಡಿಯುವಷ್ಟರಲ್ಲಿ ಬೇರು ಕೂರುತ್ತದೆ. ತಪ್ಪಿದರೆ ಸೆಪ್ಟೆಂಬರ್ ಕೊನೆ. ಆಷಾಢದಲ್ಲಂತೂ ಬೇಡ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು ಕಲಸಿ ತುಂಬಿ. ಬೇವಿನ ಹಿಂಡಿ 100 ಗ್ರಾಂ. ಪಶ್ಚಿಮದ ಮಳೆ ಸೀಮೆಯಲ್ಲಿ ಮಣ್ಣು ಹುಳಿಯಾಗಿರುವುದರಿಂದ ಒಂದು ಹಿಡಿ ಕೃಷಿ ಸುಣ್ಣ ಸೇರಿಸಬಹುದು. ಕಾಫಿ ತೋಟದವರು ಕಾಫಿ ಸಿಪ್ಪೆ ಹಾಕುವುದಾದರೆ ವರ್ಷ ಕಳಿತದ್ದನ್ನೇ ಹಾಕಿ, ಹಸಿ ಸಿಪ್ಪೆ ಬಿಸಿಯೇರಿ ಎಳೆ ಬೇರನ್ನು ಸುಡುತ್ತದೆ.

ಗಿಡವನ್ನು ಪಾತಿಯಲ್ಲಿ ತಗ್ಗಿಸಿ ನೆಡಬೇಡಿ, ನಾಲ್ಕೈದು ಇಂಚು ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಬಯಲುಸೀಮೆಯ ಅರಸೀಕೆರೆ, ಕಡೂರಿನಲ್ಲಿ ಇದಕ್ಕೆ ತಿರುವುಮುರುವು: ಅಲ್ಲಿ ಪಾತಿಯೇ ಬೇಕು, ದರಗು (ಒಣ ಎಲೆ) ಎರಡು ಇಂಚು ಹೊದಿಸಬೇಕು. ಯಾವ ಕಡೆಯಾದರೂ ದರಗು ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಸಾಲಾಗಿ ನೆಡುವವರಿಗೆ ಎರಡರಿಂದ ಎರಡೂವರೆ ಅಡಿ ಅಂತರ.

ಬೆಳಿಗ್ಗೆ ಮೂರು ನಾಲ್ಕು ಗಂಟೆ ಬಿಸಿಲು, ಮಧ್ಯಾಹ್ನದ ನಂತರ ತೂತುನೆರಳು ಸಿಗುವ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ಮನೆಯ ಪೂರ್ವದ ಗೋಡೆ ಬದಿ ಒಳ್ಳೆಯದು. ಪಶ್ಚಿಮದ ಬಿಸಿಲಿಗೆ ಮಾರ್ಚ್‌ನಲ್ಲಿ ಬಿಳಿ ಅಂಚು ಕಂದಿ, ಕಾಗದದಂತೆ ಒಣಗಿ ಮುರಿಯುತ್ತದೆ. ಅದನ್ನು ರೋಗವೆಂದು ಔಷಧ ಹೊಡೆಯುವವರಿದ್ದಾರೆ. ಅದು ಬರೀ ಸುಟ್ಟ ಗಾಯ. ದಟ್ಟ ನೆರಳಿನಲ್ಲಿ ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ ಗಿಡ ಜೋಲುತ್ತದೆ. ಸಿಲ್ವರ್ ಓಕ್ ಮರದ ಹನಿ ನೇರ ಬೀಳುವ ಜಾಗವೂ ಬೇಡ, ಮಳೆ ನಿಂತ ಮೇಲೂ ಅಲ್ಲಿ ಎಲೆ ಒಣಗುವುದಿಲ್ಲ.

ಘಟ್ಟದ ಕೆಳಗೆ ಮಂಗಳೂರು, ಉಡುಪಿಯಲ್ಲಿ ಇದೇ ಗಿಡ ಚಳಿಗಾಲದಲ್ಲೂ ಚಿಗುರುತ್ತಲೇ ಇರುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಬೆಳವಣಿಗೆ ನಿಂತು ಹಳೆಯ ಎಲೆ ಕೆಲವು ಹಳದಿಯಾಗಿ ಉದುರುತ್ತವೆ. ಗಾಬರಿಯಾಗಿ ನೀರು, ಗೊಬ್ಬರ ಸುರಿದರೆ ಕೆಡುತ್ತದೆ. ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ ಗೊಬ್ಬರ ನಿಲ್ಲಿಸಿ, ಮಣ್ಣು ಒಂದು ಬೆರಳಾಳ ಒಣಗಿದ ಮೇಲೆ ಮಾತ್ರ ನೀರು ಕೊಡಿ. ಉಳಿದ ದಿನಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರ ಲೀಟರು ನೀರಿಗೆ 2 ಗ್ರಾಂ, ಆರು ವಾರಕ್ಕೊಮ್ಮೆ ಬುಡಕ್ಕೆ ಹಾಕಿದರೆ ಬೇಕಾದಷ್ಟಾಯಿತು. ಯೂರಿಯಾ ಬೇಡವೇ ಬೇಡ. ಸಾರಜನಕ ಹೆಚ್ಚಾದರೆ ಚಿಗುರು ಮೆತ್ತಗಾಗಿ, ರಸ ಹೀರುವ ಹಿಟ್ಟು ತಿಗಣೆಗೆ (ಮೀಲಿಬಗ್) ಹಬ್ಬ.

ಕೊಳವೆಬಾವಿಯ ಗಡಸು ನೀರು ಹಾಕುವ ಕಡೆ ಇನ್ನೊಂದು ಮೋಸ ನಡೆಯುತ್ತದೆ. ಹೊಸ ಎಲೆಯ ಹಸಿರು ಭಾಗವೂ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ತಳಿಯ ಬಣ್ಣ ಹೆಚ್ಚಿತೆಂದು ಖುಷಿಪಡಬೇಡಿ. ಅನ್ನಭೇದಿ (ಫೆರಸ್ ಸಲ್ಫೇಟ್) ಲೀಟರಿಗೆ 3 ಗ್ರಾಂ, ಕೆಲವು ಹನಿ ನಿಂಬೆರಸದ ಜೊತೆ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಮಳೆನೀರು ಹಿಡಿದಿಟ್ಟು ಹಾಕುವುದು ಇದಕ್ಕಿಂತ ಮೇಲು.

ಈಗ ಬಣ್ಣದ ವಿಷಯ. ಗಿಡದ ಬುಡದ ಕಡೆಯಿಂದ ಒಂದು ದಿನ ಪೂರ್ತಿ ಹಸಿರು ಎಲೆಯ ಚಿಗುರು ಏಳುತ್ತದೆ. ಒಳಪದರದ ಹಸಿರು ಕೋಶ ಒಂಟಿಯಾಗಿ ಮೊಗ್ಗೊಡೆದಾಗ ಹೀಗಾಗುತ್ತದೆ. ಎಲೆಯಿಡೀ ಅಡುಗೆ ಮಾಡುವುದರಿಂದ ಅದಕ್ಕೆ ಶಕ್ತಿ ಹೆಚ್ಚು. ಒಂದು ಮಳೆಗಾಲದಲ್ಲಿ ಉಳಿದ ರೆಂಬೆಗಳನ್ನು ದಾಟಿ ನೆರಳು ಮಾಡುತ್ತದೆ. ಹೀಗೆ ಬಿಳಿ ರೆಂಬೆಗಳು ಸೊರಗಿ ಸಾಯುತ್ತವೆಯೇ ಹೊರತು ಅವು ಹಸಿರಿಗೆ ತಿರುಗುವುದಿಲ್ಲ. ಕಾಫಿ ಗಿಡದ ಬೇಡದ ಚಿಗುರು ತೆಗೆದು ಅಭ್ಯಾಸವಿರುವ ಕೈಗೆ ಇದು ಸುಲಭ: ಬೆರಳುದ್ದ ಇದ್ದಾಗಲೇ, ಮೂಲ ರೆಂಬೆಗೆ ಅಂಟಿದ ಜಾಗದಿಂದಲೇ ಕಿತ್ತುಬಿಡಿ. ಮೊಟಕು ಬಿಟ್ಟು ಕತ್ತರಿಸಿದರೆ ಅಲ್ಲಿಂದ ಎರಡು ಹಸಿರು ಚಿಗುರು ಬರುತ್ತವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬುಡ ನೋಡಿ.

ಪೂರ್ತಿ ಬೆಳ್ಳಗಿನ ಚಿಗುರೂ ಬರುತ್ತದೆ. ಅದು ತನ್ನ ಕಾಲ ಮೇಲೆ ತಾನು ನಿಲ್ಲಲಾರದು, ಚಂದ ಎಂದು ಅದರಿಂದ ಕಡ್ಡಿ ಮಾಡಿದರೆ ಬೇರು ಬಿಡುವ ಮುನ್ನವೇ ಸಾಯುತ್ತದೆ.

ಬಣ್ಣ ಉಳಿಯಬೇಕೆಂದರೆ ದಪ್ಪ ಕಾಂಡದವರೆಗೆ ಬೋಳು ಸವರಬೇಡಿ, ಹಳೆಯ ಕಾಂಡದಿಂದ ಹಸಿರು ಚಿಗುರು ಏಳುವ ಸಂಭವ ಹೆಚ್ಚು. ಈ ಗಿಡದ ಪ್ರತಿ ರೆಂಬೆಯೂ ಹೂಗೊಂಚಲಿನಲ್ಲಿ ಮುಗಿದು, ಆ ಕೆಳಗಿನಿಂದ ಎರಡಾಗಿ ಕವಲೊಡೆಯುತ್ತದೆ. ಕವಲಿನ ಮೇಲೆ ಒಂದು ಜೊತೆ ಎಲೆ ಉಳಿಸಿ ಅದರ ಮೇಲಕ್ಕೆ ಕತ್ತರಿಸಿದರೆ ಆಕಾರ ತಾನಾಗಿ ದುಂಡಗಾಗುತ್ತದೆ. ಮಾರ್ಚ್ ಕೊನೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ತೆಳುವಾಗಿ ಸವರಿದರೆ ಸಾಕು. ಹಾಲು ಕಣ್ಣಿಗೆ ತಾಗದಿರಲಿ, ಸವರಿದ ಸೊಪ್ಪನ್ನು ದನದ ಮುಂದೆ ಹಾಕಬೇಡಿ.

ಬೀಜದಿಂದ ಈ ಬಣ್ಣ ಬರುವುದಿಲ್ಲ, ಕಡ್ಡಿಯೇ ದಾರಿ. ಪೆನ್ಸಿಲಿಗಿಂತ ತೆಳ್ಳಗಿನ, ತುಸು ಬಲಿತ ರೆಂಬೆಯಲ್ಲಿ ಐದಾರು ಇಂಚು. ಎಲೆಯ ಹಸಿರು ಬಿಳಿ ಸಮಪಾಲು ಇರುವ ರೆಂಬೆಯನ್ನೇ ಆರಿಸಿ. ಕೆಳಗಿನ ಎಲೆ ತೆಗೆದು, ತುದಿಯಲ್ಲಿ ಎರಡು ಜೊತೆ ಬಿಟ್ಟು, ಹಾಲು ನಿಲ್ಲುವವರೆಗೆ ನೀರಿನಲ್ಲಿ ಅದ್ದಿ ತೊಳೆಯಿರಿ. ತೆಂಗಿನ ನಾರಿನ ಪುಡಿ, ಮರಳು ಸಮ ಬೆರೆಸಿ ಊರಿ, ಜಗಲಿಯ ಸೂರಿನಡಿ ಇಡಿ. ಬೇರಿಗೆ ಆರರಿಂದ ಎಂಟು ವಾರ ಕಾಯಬೇಕು, ಎಳೆದು ಎಳೆದು ನೋಡಬೇಡಿ.

ಕೀಟಗಳಲ್ಲಿ ಹಿಟ್ಟು ತಿಗಣೆಗೆ ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಜೊತೆಗೆ ಸೋಪಿನ ದ್ರಾವಣ 2 ಮಿಲಿ, ಸೂರ್ಯ ಮುಳುಗಿದ ಮೇಲೆ. ಮಳೆಗಾಲದ ಎಲೆಚುಕ್ಕೆಗೆ ತೋಟಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಕಲಸುವ ಬೋರ್ಡೋ ದ್ರಾವಣವನ್ನೇ ಅರ್ಧದಷ್ಟು ತೆಳು ಮಾಡಿ, ಶೇಕಡಾ 0.5ಕ್ಕೆ ಇಳಿಸಿ ಹೊಡೆಯಿರಿ.

ನಿಜವಾದ ಹಾವಳಿ ಕಣಗಿಲೆ ಹಾಕ್ ಪತಂಗದ ಹುಳು. ನಂದಿಬಟ್ಟಲು ಕಣಗಿಲೆಯ ಬಂಧು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಕಣಗಿಲೆಯ ಕುಲದಲ್ಲೇ ಇಟ್ಟಿದ್ದ. ಈ ಪತಂಗಕ್ಕೂ ಎರಡೂ ಒಂದೇ. ಬೆರಳುದಪ್ಪದ ಹಸಿರು ಹುಳು, ಮೈಪಕ್ಕದಲ್ಲಿ ಬಿಳಿ ಪಟ್ಟೆ, ಹಿಂಬದಿ ಒಂದು ಪುಟ್ಟ ಕೊಂಬು. ಮುಟ್ಟಿದರೆ ತಲೆ ಒಳಗೆಳೆದುಕೊಂಡು, ಹೆಗಲ ಮೇಲಿನ ನೀಲಿ ಕಣ್ಣಿನಂಥ ಮಚ್ಚೆ ಎರಡನ್ನು ಉಬ್ಬಿಸಿ ಹೆದರಿಸುತ್ತದೆ, ಕಚ್ಚುವುದಿಲ್ಲ. ನಾಲ್ಕೈದು ಹುಳು ಒಂದು ವಾರದಲ್ಲಿ ಎರಡಡಿ ಗಿಡ ಬೋಳು ಮಾಡುತ್ತವೆ. ಹಸಿರು ಗಿಡ ತಿಂಗಳಲ್ಲಿ ಚೇತರಿಸಿಕೊಂಡೀತು, ಬಿಳಿ ಅಂಚಿನದಕ್ಕೆ ಅಷ್ಟು ಕೂಡಿಟ್ಟ ಶಕ್ತಿ ಇರುವುದಿಲ್ಲ. ಬುಡದಲ್ಲಿ ಮೆಣಸಿನಕಾಳಿನಂಥ ಹಿಕ್ಕೆ ಕಂಡ ದಿನವೇ ಅದರ ನೇರ ಮೇಲೆ ಹುಡುಕಿ, ಎಲೆಯಡಿ ನಡುನರಕ್ಕೆ ಒರಗಿರುತ್ತದೆ. ಹುಳುವನ್ನು ಎಲೆ ಸಮೇತ ಕಿತ್ತು, ಬೇಲಿಯ ಹಸಿರು ನಂದಿಬಟ್ಟಲಿನ ಮೇಲೆ ಬಿಟ್ಟುಬಿಡಿ.