ಮೇಷ್ಟ್ರು, ಪಾಕ್ಸಿನೂ ಮತ್ತು ನನ್ನ ಗಡ್ಡ

ನಮ್ಮ ಇಂಗ್ಲಿಷ್ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಪರೀಕ್ಷೆಗೆಂದು ಅವರು ಮಾಡಿದ ಪಾಠ ಒಂದೂ ನೆನಪಿಲ್ಲ. ಸಿಲಬಸ್ಸಿನಲ್ಲಿ ಎಲ್ಲೂ ಇಲ್ಲದ ಕತಿನಾ ಪಾಕ್ಸಿನೂ ಎಂಬ ಗ್ರೀಕ್ ನಟಿ ಮಾತ್ರ ಮನಸ್ಸಲ್ಲೇ ಉಳಿದಿದ್ದಾರೆ.

ಆಕೆಯ ಸುದ್ದಿ ತೆಗೆದರೆ ಮೇಷ್ಟ್ರಿಗೆ ಬೆಲ್ ಕೇಳಿಸುತ್ತಿರಲಿಲ್ಲ. 1900ರಲ್ಲಿ ಪಿರೇಯಸ್ ಬಂದರಿನಲ್ಲಿ ಹುಟ್ಟಿದ್ದು. ಜಿನೀವಾದಲ್ಲಿ ಸಂಗೀತ ಕಲಿತು, ಆಪೆರಾ ಹಾಡಿ, ಆಮೇಲೆ ಮಾತಿನ ನಾಟಕಕ್ಕೆ ಬಂದರು. ಅಮೆರಿಕದ ಯುಜೀನ್ ಓನೀಲ್‌ನ ನಾಟಕಗಳನ್ನು ಗ್ರೀಕ್ ಭಾಷೆಗೆ ತಂದವರೂ ಅವರೇ. "ನಟಿ ಮಾಡಿದ ಅನುವಾದ ಕಣ್ರೋ. ನಾಲಿಗೆ ಹೊರಳದ ಸಾಲು ಬರೆದ್ರೆ ಯಾರನ್ನ ಬೈತಾಳೆ?" ಅನ್ನುತ್ತಿದ್ದರು ಮೇಷ್ಟ್ರು. 1938ರಲ್ಲಿ ಗ್ರೀಸಿನ ಎಪಿಡಾರಸ್‌ನ ಹಳೇ ಕಲ್ಲಿನ ರಂಗಮಂದಿರದಲ್ಲಿ ಶತಮಾನಗಳ ಮೇಲೆ ಮತ್ತೆ ನಾಟಕ ನಡೆದಾಗ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ನಾಯಕಿ ಎಲೆಕ್ಟ್ರಾ ಆಗಿ ನಿಂತದ್ದು ಈ ಪಾಕ್ಸಿನೂ.

ಕತೆ ಹೇಳಿ ಬಿಡುವವರಲ್ಲ ಮೇಷ್ಟ್ರು. ಕಾಲೇಜ್ ಡೇಗೆ ಅದೇ ಸೊಫೊಕ್ಲಿಸ್ ಬರೆದ, ಲಂಕೇಶರು ಕನ್ನಡಕ್ಕೆ ತಂದ ಈಡಿಪಸ್ ನಾಟಕ ಆಡಿಸಿದರು. ದೊರೆ ಈಡಿಪಸ್‌ನ ಪಾತ್ರ ನನ್ನದು. ಇಡೀ ಕಾಲೇಜಿನಲ್ಲಿ ಅಂಥ ದನಿ ನನಗೊಬ್ಬನಿಗೇ ಇತ್ತು, ಸುಮ್ನೆ ಹೇಳ್ತಿಲ್ಲ. ಹಿಂದಿನ ಬೆಂಚಿನವರು ನನ್ನ ಅಂಟುಗಡ್ಡಕ್ಕೆ ನಸುಗುನ್ನಿ ಕಾಯಿಯ ಸುಂಕು ಸವರಿದ್ದರು. ನಾನು ಕೆರೆದುಕೊಂಡೇ ಗೋಳಾಡಿದೆ. ದೊರೆಯ ಸಂಕಟ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಪರದೆ ಬಿದ್ದ ಮೇಲೆ ಮೇಷ್ಟ್ರು ಅಂದದ್ದು ಇಷ್ಟೇ: "ಪಾಕ್ಸಿನೂ ಆಗಿದ್ರೆ ಕೆರ್ಕೊಳ್ತಿರ್ಲಿಲ್ಲ." ಆ ಕೆಲಸ ಮಾಡಿದ ಗೆಳೆಯ ಈಗ ಚರ್ಮರೋಗದ ಡಾಕ್ಟರು!

ಒಂದು ವಿಷಯಕ್ಕೆ ಬಂದಾಗ ಮಾತ್ರ ಮೇಷ್ಟ್ರ ದನಿ ಇಳಿಯುತ್ತಿತ್ತು. ಎರಡನೇ ಮಹಾಯುದ್ಧದ ಕಾಲಕ್ಕೆ ಪಾಕ್ಸಿನೂ ಅಮೆರಿಕದಲ್ಲಿದ್ದರು. ಹೆಮಿಂಗ್ವೇ ಕಾದಂಬರಿಯ ಸಿನಿಮಾದಲ್ಲಿ ಪಿಲಾರ್ ಪಾತ್ರ ಮಾಡಿ 1944ರಲ್ಲಿ ಆಸ್ಕರ್ ಪಡೆದರು. ಅಥೆನ್ಸ್ ಆಗ ಜರ್ಮನ್ನರ ಕೈಯಲ್ಲಿತ್ತು. ಅಲ್ಲಿನ ರಂಗಭೂಮಿಯ ಜೊತೆಗಾರರು ಬದುಕಿದ್ದಾರೋ ಇಲ್ಲವೋ ತಿಳಿಯದೆ, ಅವರೆಲ್ಲರ ಹೆಸರಿನಲ್ಲಿ ಆ ಪ್ರಶಸ್ತಿ ತೆಗೆದುಕೊಂಡರು. ಯುದ್ಧ ಮುಗಿದ ಮೇಲೆ ಊರಿಗೆ ಮರಳಿ, ಗಂಡ ಅಲೆಕ್ಸಿಸ್ ಮಿನೋಟಿಸ್ ಜೊತೆ ಮತ್ತೆ ರಂಗ ಹತ್ತಿದರು. 1973ರಲ್ಲಿ ತೀರಿಕೊಂಡರು.

ಈಗ ತರಗತಿಯಲ್ಲಿ ಇಷ್ಟು ಹೊತ್ತು ಗ್ರೀಸ್ ಸುತ್ತಿದರೆ ಪೋರ್ಷನ್ ಮುಗಿಸಿಲ್ಲ ಅಂತ ಪೋಷಕರೇ ದೂರು ಕೊಡುತ್ತಾರೆ. ಮಕ್ಕಳಿಗೆ ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕುವುದು ಚೆನ್ನಾಗಿ ಬರುತ್ತೆ. ಒಂದು ಪುಟ ಗಟ್ಟಿಯಾಗಿ ಓದಿ ಅಂದರೆ ಮುಖ ಮುಖ ನೋಡುತ್ತಾರೆ. ತಪ್ಪು ಅವರದಲ್ಲ ಬಿಡಿ.

ಕಾಲೇಜಿನವರಲ್ಲಿ ಒಂದು ಮನವಿ. ಮೇಷ್ಟ್ರ ಹೆಸರಲ್ಲಿ ಆ ನಾಟಕ ಮತ್ತೆ ಆಡಿಸಿ. ದೊರೆ ಪಾತ್ರಕ್ಕೆ ನಾನು ತಯಾರು. ಮಾತುಗಳೆಲ್ಲ ಬಾಯಲ್ಲೇ ಇವೆ, ಗಡ್ಡವೂ ಈಗ ಸ್ವಂತದ್ದು.