ಎಂಟು ಸಾವಿರದ ಗೆರೆಯ ಕೆಳಗೆ ಎಷ್ಟು ತೊಗರಿ?

ಕಲಬುರಗಿಯ ಕೃಷಿ ಮಾರುಕಟ್ಟೆಯಾದ ಗಂಜ್‌ಗೆ ಹೊಸ ತೊಗರಿ ಬರಲು ಶುರುವಾದರೆ ದರಪಟ್ಟಿಯಲ್ಲಿ ದಿನವೂ ಮೂರು ಅಂಕಿಗಳು ಕಾಣುತ್ತವೆ: ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಹೋದ ದರ). ಅವನ್ನು ಓದಿದ ಹಿರಿಯ ರೈತರು ನನ್ನನ್ನು ಕೇಳುವುದು ಬೇರೆಯದನ್ನೇ. "ತಮ್ಮಾ, ಬೆಂಬಲ ಬೆಲೆಗಿಂತ ಕಡಿಮೆಗೆ ಹೋದ ಮಾಲು ಎಷ್ಟು?"

ನಾನು ಆಳಂದ ತಾಲ್ಲೂಕಿನ ಒಂದು ರೈತ ಉತ್ಪಾದಕ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತೇನೆ. ಕನಿಷ್ಠ, ಗರಿಷ್ಠ, ಮಾದರಿ, ಈ ಮೂರರಲ್ಲಿ ಯಾವುದೂ ಆ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಹೇಳುವುದು ಸಂಚಿತ ಶೇಕಡಾವಾರು, ಅಂದರೆ ಒಂದು ಗೆರೆಯವರೆಗಿನದನ್ನೆಲ್ಲ ಕೂಡಿಸಿದರೆ ಒಟ್ಟಿನಲ್ಲಿ ಶೇಕಡಾ ಎಷ್ಟು ಎಂಬುದು. ಹತ್ತನೇ ತರಗತಿಯಲ್ಲಿ ಸಂಚಿತ ಆವೃತ್ತಿ, ಓಜೀವ್ ನಕ್ಷೆ ಎಂದು ಓದಿ, ಪರೀಕ್ಷೆ ಬರೆದು, ಅಲ್ಲಿಗೇ ಕೈಬಿಟ್ಟ ಲೆಕ್ಕ ಅದು. ತೊಗರಿ ಕಣಜವೆಂದು ಹೆಸರಾದ, 2019ರಲ್ಲಿ ತನ್ನ ಬೇಳೆಗೆ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಪಡೆದ ಜಿಲ್ಲೆಯಲ್ಲಿ ಇದು ಊರೂರಿನ ರೈತ ಗುಂಪಿಗೂ ಗೊತ್ತಿರಬೇಕು ಎನ್ನುವುದು ನನ್ನ ಹಠ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆ ಅನುಕೂಲವಾಗಲೆಂದು ನಾನೇ ಹಾಕಿದವು, ಗಂಜ್‌ನ ದಾಖಲೆಯಲ್ಲ. ಒಟ್ಟು 200 ಕ್ವಿಂಟಲ್ ತೊಗರಿ ಮಾರಾಟವಾಗಿದೆ. ತಕ್‌ಪಟ್ಟಿಗಳನ್ನು (ಮಾರಾಟದ ಚೀಟಿಗಳನ್ನು) ಕ್ವಿಂಟಲ್ ದರದ ಪ್ರಕಾರ ಜೋಡಿಸಿದಾಗ ಹೀಗೆ ಬಂತು ಎನ್ನಿ:

7,000ದಿಂದ 7,500 ರೂಪಾಯಿ: 42 ಕ್ವಿಂಟಲ್
7,500ರಿಂದ 8,000: 70
8,000ದಿಂದ 8,500: 36
8,500ರಿಂದ 9,000: 28
9,000ದಿಂದ 9,500: 24

ಸರಿಯಾಗಿ 8,000ಕ್ಕೆ ಹೋದ ಮಾಲು ಮೂರನೇ ಸಾಲಿಗೆ ಸೇರುತ್ತದೆ, ಎರಡನೆಯದಕ್ಕಲ್ಲ. ಇದನ್ನು ಮೊದಲೇ ತೀರ್ಮಾನಿಸಿ ಪುಸ್ತಕದ ಅಂಚಿನಲ್ಲಿ ಬರೆದಿಡಬೇಕು, ಏಕೆಂದರೆ 2025-26ರ ಬೆಂಬಲ ಬೆಲೆ ಸರಿಯಾಗಿ 8,000 ರೂಪಾಯಿ.

ಈಗ ಮೇಲಿನಿಂದ ಕೂಡಿಸುತ್ತ ಬನ್ನಿ. 42, ಅದಕ್ಕೆ 70 ಸೇರಿ 112, ನಂತರ 148, 176, 200. ಕೊನೆಯದು ಒಟ್ಟು ಮೊತ್ತಕ್ಕೆ ತಾಳೆಯಾಗಲೇಬೇಕು. ಆಗದಿದ್ದರೆ ಎಲ್ಲೋ ಒಂದು ಪಟ್ಟಿ ಬಿಟ್ಟುಹೋಗಿದೆ. ಪ್ರತಿಯೊಂದನ್ನೂ 200ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ 21, 56, 74, 88, 100. ರೈತರ ಪ್ರಶ್ನೆಗೆ ಉತ್ತರ ಎರಡನೇ ಸಾಲಿನಲ್ಲಿದೆ: ಶೇ 56ರಷ್ಟು ಮಾಲು ಬೆಂಬಲ ಬೆಲೆಗಿಂತ ಕೆಳಗೆ ಹೋಗಿದೆ.

ಇದೇ ಮಾಲಿನ ಸರಾಸರಿ ತೆಗೆದು ನೋಡಿ. ಪ್ರತಿ ವರ್ಗಾಂತರದ (ಸಾಲಿನ ದರದ ಅಂತರದ) ಮಧ್ಯಬಿಂದು ಹಿಡಿದು ಲೆಕ್ಕ ಹಾಕಿದರೆ 8,055 ರೂಪಾಯಿ ಬರುತ್ತದೆ. "ಸರಾಸರಿ ದರ ಬೆಂಬಲ ಬೆಲೆಯನ್ನು ದಾಟಿದೆ" ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ತೊಗರಿ ಆ ಬೆಲೆಯನ್ನು ಮುಟ್ಟಿಯೇ ಇಲ್ಲ. ಒಂಬತ್ತು ಸಾವಿರ ದಾಟಿದ 24 ಕ್ವಿಂಟಲ್ ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಮಾಲನ್ನು ಸರಿಯಾಗಿ ಅರ್ಧಕ್ಕೆ ಸೀಳುವ ಮಧ್ಯಾಂಕವೂ ಇದೇ ಪಟ್ಟಿಯಿಂದ ಸಿಗುತ್ತದೆ: ನೂರನೇ ಕ್ವಿಂಟಲ್ ಎರಡನೇ ಸಾಲಿನಲ್ಲಿದೆ, ಸಾಲಿನೊಳಗೆ ಮಾಲು ಸಮನಾಗಿ ಹರಡಿದೆ ಎಂದು ಹಿಡಿದರೆ ದರ ಸುಮಾರು 7,914 ರೂಪಾಯಿ. ಸಭೆಯಲ್ಲಿ ಸರಾಸರಿಯನ್ನಷ್ಟೇ ಓದಿ ಕುಳಿತುಬಿಡುವುದು ನನ್ನ ಮಟ್ಟಿಗೆ ರೈತರಿಗೆ ಮಾಡುವ ಅನ್ಯಾಯ.

ಕೂಡಿಸುವ ಕ್ರಮದಲ್ಲಿ ಎಚ್ಚರ ಬೇಕು. ಮೊದಲು ಕ್ವಿಂಟಲ್ ಕೂಡಿಸಿ, ಆಮೇಲೆ ಶೇಕಡಾ ತೆಗೆಯಿರಿ. ಪ್ರತಿ ಸಾಲಿನ ಶೇಕಡಾವನ್ನು ದಶಾಂಶ ಬಿಟ್ಟು ಬರೆದು ಅವನ್ನೇ ಕೂಡಿಸಿದರೆ ಕೊನೆಗೆ 99 ಅಥವಾ 101 ಬಂದು ನಿಲ್ಲಬಹುದು. ಎಕ್ಸೆಲ್‌ನಲ್ಲಿ ಮಾಡುವವರು ಮೊತ್ತದ ಸೂತ್ರದಲ್ಲಿ ಮೊದಲ ಕೋಶದ ಸಾಲಿನ ಸಂಖ್ಯೆಗೆ ಡಾಲರ್ ಚಿಹ್ನೆ ಹಾಕಬೇಕು. ಆಗ ಸೂತ್ರವನ್ನು ಕೆಳಗೆ ಎಳೆದರೂ ಆರಂಭ ಅಲುಗುವುದಿಲ್ಲ. ಸಾಲುಗಳು ಏರಿಕೆ ಕ್ರಮದಲ್ಲಿರುವುದೂ ಮುಖ್ಯ. ಆಳಂದ, ಅಫಜಲಪುರ, ಚಿತ್ತಾಪುರ ಎಂದು ತಾಲ್ಲೂಕುವಾರು ಬರೆದು ಸಂಚಿತ ಶೇಕಡಾ ತೆಗೆದರೆ ಅದಕ್ಕೆ ಅರ್ಥವೇ ಇರುವುದಿಲ್ಲ. ಹೆಸರುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ?

ಇಲ್ಲಿಯವರೆಗೆ ಎಣಿಸಿದ್ದು ತೊಗರಿಯನ್ನು. ಮಾರಿದವರನ್ನು ಎಣಿಸಿದರೆ? ಆ 200 ಕ್ವಿಂಟಲ್ ತಂದವರು 40 ರೈತರು, ಮೇಲಿನ ಸಾಲುಗಳಲ್ಲಿ ಕ್ರಮವಾಗಿ 14, 16, 5, 3, 2 ಮಂದಿ ಇದ್ದಾರೆ ಎನ್ನಿ. ಆಗ ಎರಡನೇ ಸಾಲಿನವರೆಗೆ ಕೂಡಿಸಿದರೆ 30 ಮಂದಿ, ಅಂದರೆ ಶೇ 75. ಮಾಲಿನ ಲೆಕ್ಕದಲ್ಲಿ 56, ಮನೆಗಳ ಲೆಕ್ಕದಲ್ಲಿ 75! ಎರಡೂ ಸರಿ. ಹೆಚ್ಚು ಮಾಲು ಇದ್ದವರು ಒಣಗಿಸಿ, ಹಸನು ಮಾಡಿ, ದರ ಏರುವವರೆಗೆ ತಡೆದು ಮಾರಬಲ್ಲರು. ಮೂರು ಕ್ವಿಂಟಲ್ ಬೆಳೆದವರಿಗೆ ರಾಶಿ ಮುಗಿಯುವ ಹೊತ್ತಿಗೇ ಸಾಲದ ಬಡ್ಡಿ ಕಟ್ಟಬೇಕಿರುತ್ತದೆ. ತೇವಾಂಶ ಶೇ 12ಕ್ಕೆ ಇಳಿಯುವವರೆಗೂ ಕಾಯುವಂತಿಲ್ಲ. ಆದ್ದರಿಂದ ನಮ್ಮ ಪುಸ್ತಕದಲ್ಲಿ ಎರಡೂ ಕಾಲಂಗಳನ್ನು ಪಕ್ಕಪಕ್ಕದಲ್ಲೇ ಬರೆಯುತ್ತೇನೆ.

ವರ್ಷದಿಂದ ವರ್ಷಕ್ಕೆ ಹೋಲಿಸುವವರಿಗೆ ಇನ್ನೊಂದು ಮಾತು. 2024-25ರಲ್ಲಿ ಬೆಂಬಲ ಬೆಲೆ 7,550 ರೂಪಾಯಿ ಇತ್ತು. ಇದೇ ಪಟ್ಟಿಯಲ್ಲಿ ಆ ಗೆರೆ ಎಳೆದರೆ ಮೊದಲ ಸಾಲಿನ 42, ಎರಡನೆಯದರ ಹತ್ತನೇ ಒಂದು ಭಾಗ (500 ರೂಪಾಯಿ ಅಂತರದಲ್ಲಿ 50) 7, ಒಟ್ಟು 49 ಕ್ವಿಂಟಲ್, ಶೇ 24.5 ಮಾತ್ರ ಕೆಳಗೆ ಬೀಳುತ್ತದೆ. ಮಾರಾಟದ ದರ ಒಂದು ರೂಪಾಯಿಯೂ ಬದಲಾಗದೆ ಶೇ 24.5 ಇದ್ದದ್ದು 56 ಆಗಬಹುದು. ಹೀಗಾಗಿ ಗುಂಪಿನ ವರದಿಯಲ್ಲಿ ಶೇಕಡಾ ಒಂದನ್ನೇ ಬರೆದು ಬಿಡಬೇಡಿ. ಯಾವ ಬೆಲೆಯ ಗೆರೆ, ಯಾವ ವರ್ಗಾಂತರ, ಪ್ರತಿ ಸಾಲಿನಲ್ಲಿ ಎಷ್ಟು ಕ್ವಿಂಟಲ್, ಎಷ್ಟು ರೈತರು ಎನ್ನುವುದನ್ನೂ ಜೊತೆಗೆ ಕೊಡಿ.