ಅಡಿಕೆ ಖರೀದಿಯ ಕೋಷ್ಟಕ: ಬಣ್ಣಕ್ಕಿಂತ ಮೊದಲು ನೋಡುವುದು

ಮಂಗಳೂರಿನ ಬಂದರಿನಲ್ಲಿರುವ ಒಂದು ಅಡಿಕೆ ಅಂಗಡಿಯ ಖರೀದಿ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆದಿಡುವ ಕೆಲಸ ನನ್ನದು. ದಿನಾಂಕ, ಬೆಳೆಗಾರರ ಹೆಸರು, ಊರು, ಬಗೆ, ತೂಕ, ದರ, ಮೊತ್ತ ಎಂಬ ಕಾಲಂಗಳಷ್ಟೇ ಇದ್ದರೂ, ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬಗೆಗಳು ಹಲವಿರುವುದರಿಂದ ಈ ಕೋಷ್ಟಕವನ್ನು ಮತ್ತೆ ಮತ್ತೆ ಸಾರ್ಟ್ ಮಾಡಿ (ಸಾಲುಗಳ ಕ್ರಮ ಬದಲಿಸಿ), ಫಿಲ್ಟರ್ ಹಾಕಿ (ಬೇಕಾದ ಸಾಲುಗಳನ್ನಷ್ಟೇ ಉಳಿಸಿ) ನೋಡಬೇಕಾಗುತ್ತದೆ. ಹಾಗೆ ಮಾಡಿದಾಗಲೂ ಕೆಡದ ವಿನ್ಯಾಸವನ್ನು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ.

ಒಂದು ಸಾಲು ಬಿಟ್ಟು ಒಂದಕ್ಕೆ ಕೈಯಾರೆ ಬಣ್ಣ ತುಂಬುವವರನ್ನು ಬಹಳ ಕಂಡಿದ್ದೇನೆ. ಸಾರ್ಟ್ ಮಾಡಿದೊಡನೆ ಬಣ್ಣವೂ ಆಯಾ ಸಾಲಿನ ಜತೆಗೇ ಸರಿದು ಪಟ್ಟೆಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅದರ ಬದಲು ಮಾಹಿತಿಯ ನಡುವೆ ಎಲ್ಲಾದರೂ ನಿಂತು ಕಂಟ್ರೋಲ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ‘ಟೇಬಲ್’ ಆಗುತ್ತದೆ; 2007ರ ಆವೃತ್ತಿಯಿಂದ ಈಚೆಗೆ ಎಕ್ಸೆಲ್‌ನಲ್ಲಿರುವ ಈ ಸೌಲಭ್ಯದಲ್ಲಿ ಪಟ್ಟೆಗಳು ಸಾರ್ಟ್‌ನಿಂದ ಕದಲುವುದಿಲ್ಲ, ಫಿಲ್ಟರ್ ಹಾಕಿದರೆ ಕಾಣುವ ಸಾಲುಗಳಿಗೆ ತಕ್ಕಂತೆ ತಾವಾಗಿಯೇ ಹೊಂದಿಕೊಳ್ಳುತ್ತವೆ. ಕೊನೆಗೆ ‘ಟೋಟಲ್ ರೋ’ ಎಂಬ ಒಟ್ಟು ಲೆಕ್ಕದ ಸಾಲನ್ನು ಸೇರಿಸಿ, ಅದರ ತೂಕದ ಕಾಲಂನಲ್ಲಿ ‘ಸಮ್’ ಆರಿಸಿಕೊಂಡರೆ ಪಟೋರವನ್ನಷ್ಟೇ ಆರಿಸಿದಾಗ ಪಟೋರದ ತೂಕವಷ್ಟೇ ಕೆಳಗೆ ಕೂಡಿ ಬರುತ್ತದೆ.

ಒಬ್ಬರೇ ಬೆಳೆಗಾರರು ಮೂರು ಬಗೆಯ ಅಡಿಕೆ ತಂದಾಗ ಅವರ ಹೆಸರಿನ ಮೂರು ಸೆಲ್‌ಗಳನ್ನು ‘ಮರ್ಜ್’ ಮಾಡುವ, ಅಂದರೆ ಒಂದೇ ಸೆಲ್ ಆಗಿ ಕೂಡಿಸುವ, ಅಭ್ಯಾಸ ಇನ್ನೂ ಕೆಟ್ಟದ್ದು. ನೋಡಲು ಚೆಂದ, ನಿಜ. ಆದರೆ ಹೆಸರು ಉಳಿಯುವುದು ಮೊದಲ ಸಾಲಿನಲ್ಲಿ ಮಾತ್ರವಾದ್ದರಿಂದ ಆ ಹೆಸರಿಗೆ ಫಿಲ್ಟರ್ ಹಾಕಿದರೆ ಉಳಿದೆರಡು ಸಾಲುಗಳು ಕಾಣುವುದಿಲ್ಲ. ಹೆಸರನ್ನು ಮೂರು ಬಾರಿಯೂ ಬರೆಯಬೇಕು. ಮೇಲಿನ ಅಂಗಡಿಯ ಹೆಸರನ್ನು ನಡುವಿಗೆ ತರಲು ‘ಫಾರ್ಮ್ಯಾಟ್ ಸೆಲ್ಸ್’ನ ಅಲೈನ್‌ಮೆಂಟ್ ಪುಟದಲ್ಲಿ ‘ಸೆಂಟರ್ ಅಕ್ರಾಸ್ ಸೆಲೆಕ್ಷನ್’ ಇದೆ. ಮರ್ಜ್ ಮಾಡದೆಯೇ ಅದೇ ನೋಟ ಸಿಗುತ್ತದೆ.

ಅಂಕಿಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ತೂಕದ ಸೆಲ್‌ನಲ್ಲಿ ‘52 ಕೆಜಿ’ ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಪಠ್ಯವೆಂದು ತಿಳಿದು ಒಟ್ಟು ತೂಕದಿಂದ ಸದ್ದಿಲ್ಲದೆ ಕೈಬಿಡುತ್ತದೆ. 52 ಎಂದಷ್ಟೇ ಬರೆದು, ಕಸ್ಟಮ್ ಫಾರ್ಮ್ಯಾಟ್‌ನಲ್ಲಿ 0.0" ಕೆಜಿ" ಎಂದು ಕೊಟ್ಟರೆ ಕಣ್ಣಿಗೆ ಕೆಜಿ ಕಾಣುತ್ತದೆ, ಒಳಗೆ ಸಂಖ್ಯೆಯೇ ಉಳಿಯುತ್ತದೆ. ಇನ್ನು ಲಕ್ಷದ ಅಲ್ಪವಿರಾಮ: ವಿಂಡೋಸ್‌ನ ಪ್ರದೇಶದ ಆಯ್ಕೆಯಲ್ಲಿ ಭಾರತವಿದ್ದರೆ 12,34,567 ಎಂದೇ ಬರುತ್ತದೆ. ಆದರೆ ಅದು ಕಂಪ್ಯೂಟರಿನ ಆಯ್ಕೆಯೇ ಹೊರತು ಕಡತದ್ದಲ್ಲ. ಧನಿಗಳ ಮಗ ದುಬೈಯಲ್ಲಿ ಅದೇ ಕಡತವನ್ನು ತೆರೆದರೆ 1,234,567 ಎಂದು ಕಂಡೀತು. ಎಲ್ಲೆಡೆಯೂ ಒಂದೇ ರೀತಿ ಕಾಣಬೇಕಾದರೆ ಫಾರ್ಮ್ಯಾಟನ್ನು ಹೀಗೆ ಬರೆಯಬಹುದು:

[>=10000000]##\,##\,##\,##0;[>=100000]##\,##\,##0;##,##0

ಇದರಲ್ಲೊಂದು ಕೊರತೆಯಿದೆ. ಋಣ ಸಂಖ್ಯೆಗಳೆಲ್ಲ ಅರ್ಧವಿರಾಮಗಳಿಂದ ಬೇರ್ಪಟ್ಟ ಮೂರು ಭಾಗಗಳಲ್ಲಿ ಮೂರನೆಯದಕ್ಕೆ ಬೀಳುವುದರಿಂದ ಅವುಗಳಿಗೆ ಲಕ್ಷದ ವಿಂಗಡಣೆ ಸಿಗುವುದಿಲ್ಲ. ಖರೀದಿಯ ಪಟ್ಟಿಯಲ್ಲಿ ಅದು ಅಡ್ಡಿಯಾಗದು. ಬಾಕಿಯ ಪಟ್ಟಿಯಲ್ಲಿ ಆಗುತ್ತದೆ.

ಮುದ್ರಿಸುವಾಗ ಪೇಜ್ ಲೇಔಟ್‌ನ ‘ಪ್ರಿಂಟ್ ಟೈಟಲ್ಸ್’ನಲ್ಲಿ ತಲೆಸಾಲನ್ನು ಸೂಚಿಸಿದರೆ ಅದು ಪ್ರತಿ ಪುಟದಲ್ಲೂ ಬರುತ್ತದೆ. ಬಣ್ಣದ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಧನಿಗಳಿಗೆ ಕಡುನೀಲಿ ಇಷ್ಟವಾದರೂ ನಾನು ತಿಳಿ ಬೂದು ಶೈಲಿಯನ್ನೇ ಇಟ್ಟಿದ್ದೇನೆ. ಕಪ್ಪು-ಬಿಳುಪು ಪ್ರತಿಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುವ ಲೆಕ್ಕಪರಿಶೋಧಕರಿಗೆ ಆ ಗುರುತು ಕಾಣಬೇಕಲ್ಲ.